ಅರಿಸಿಣವಲ್ಲದ ಕಲೆ

ಬೆಳಿಗ್ಗೆ ಎದ್ದು ಅಂಗಳ ಗುಡಿಸಿದೆ. ನಳಕ್ಕೆ ನೀರು ಬರುವ ದಿನವಾದ್ದರಿಂದ ಕೊಡ, ಬಕೆಟ್ಟು, ಬಚ್ಚಲ ಹಂಡೆ ಎಲ್ಲ ತುಂಬಿಸಿದೆ. ನೆನೆಹಾಕಿದ್ದ ಬಟ್ಟೆ ಒಗೆದೆ. ಬಿಳಿಯವನ್ನು ಎಂದಿನಂತೆ ಬೇರೆ ಒಗೆದೆ. ತೊಗರಿಬೇಳೆ ಆರಿಸಿದೆ. ಜೋಳವನ್ನು ಗಿರಣಿಗೆ ಹಾಕಿ ಬಂದೆ. ಭಾವನನ್ನು ಕರೆದುಕೊಂಡು ದೊಡ್ಡ ದವಾಖಾನೆಗೆ ಹೋದೆ. ಬರುವಾಗ ಹಿಟ್ಟು ತಂದೆ, ಎಳೆ ಬದನೆಕಾಯಿ ಕೊಂಡೆ. ಮನೆಗೆ ಬಂದು, ಅಡುಗೆಮನೆಯ ಕಿಟಕಿಯಲ್ಲಿದ್ದ ಗುಳಿಗೆಯ ಡಬ್ಬಿಯನ್ನು ತೊಳೆದು ಬಿಸಿಲಿಗೆ ಬೋರಲು ಹಾಕಿದೆ.

ಇಷ್ಟು ಕೆಲಸದಲ್ಲಿ ಡಬ್ಬಿ ತೊಳೆಯುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ತೊಳೆದದ್ದನ್ನೇ ಮತ್ತೆ ಮತ್ತೆ ತೊಳೆದೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಬೇಸಿಗೆಯಿಂದ ಈಚೆಗೆ ಬೀದರಿನ ನಮ್ಮ ಮನೆಯಲ್ಲೇ ಇದ್ದಾರೆ. ಕ್ಷಯಕ್ಕೆ ಗುಳಿಗೆ ನುಂಗುತ್ತಿದ್ದರು. ಇವತ್ತು ಡಾಕ್ಟರಮ್ಮ ಕಫದ ವರದಿ ನೋಡಿ, ಎದೆಗೆ ಕೊಳವೆ ಹಚ್ಚಿ ಕೇಳಿ, "ಆಯ್ತ್ರಿ, ಇನ್ನ ಗುಳಿಗಿ ಬಂದ್. ಆದ್ರ ಇಲ್ಲಿಗಿ ಬರೋದು ಬಂದ್ ಮಾಡಬ್ಯಾಡ್ರಿ, ನಡುನಡುವ ಬಂದು ತೋರಿಸಿ ಹೋಗ್ರಿ" ಎಂದರು. ಆಮೇಲೆ ನೆನಪಾದವರಂತೆ, "ಮನ್ಯಾಗ ಗುಳಿಗಿ ಏನರೆ ಉಳದಿದ್ರ ವಾಪಸ್ ತಂದು ಕೊಡ್ರಿ. ಯಾರಿಗೂ ಕೊಡಬ್ಯಾಡ್ರಿ" ಎಂದರು.

"ಒಂದೂ ಉಳದಿಲ್ರಿ," ಎಂದರು ಭಾವ. "ಒಂದೂ ಯಾರಿಗೂ ಕೊಟ್ಟಿಲ್ರಿ."

ಡಾಕ್ಟರಮ್ಮ ಮೇಜಿನ ಕಡೆ ನೋಡಿದರು. ಅವರಿಗೆ ನಮ್ಮ ಅಕ್ಕ ಗೊತ್ತಿದ್ದಳು. ಅಕ್ಕ ಈ ಮಳೆಗಾಲದಲ್ಲಿ, ಅವರ ವಾರ್ಡಿನಲ್ಲೇ ಹೋದಳು.

ಅಕ್ಕ–ಭಾವನ ಮನೆ ಭಾಲ್ಕಿ ತಾಲೂಕಿನ ಹಲಬರ್ಗಾದಲ್ಲಿ. ಭಾವ ಮದುವೆ ಮನೆಗಳಿಗೆ ಅಡುಗೆ ಮಾಡುವವರು. ಭಾಲ್ಕಿ, ಔರಾದ್ ಕಡೆಯ ಹಳ್ಳಿಗಳಲ್ಲಿ ಲಗ್ನ ಗೊತ್ತಾಯಿತೆಂದರೆ ಹೆಣ್ಣಿನವರು ಮೊದಲು ಛತ್ರ ಕೇಳುತ್ತಾರೆ, ಆಮೇಲೆ ಭಾವನ ಫೋನ್ ನಂಬರು ಕೇಳುತ್ತಾರೆ. ದೊಡ್ಡ ದೇಗಿನಲ್ಲಿ ಬೇಳೆ ಕುದಿಯುವಾಗ ಅವರು ರುಚಿ ನೋಡುವುದಿಲ್ಲ. ಹಬೆಗೆ ಮುಖ ಒಡ್ಡಿ, ಉಪ್ಪು ಕಡಿಮೆ, ಹುಳಿ ಹೆಚ್ಚು ಎಂದು ಹೇಳುತ್ತಾರೆ. ನನ್ನ ಕೈಯ ಬೇಳೆಯನ್ನು ಕಂಡರಂತೂ ತಮಾಷೆ. "ಬ್ಯಾಳಿ ಈಜಾಡಕತ್ತಾದಲ್ಲವ್ವಾ. ಮುಳುಗಿ ಸಾಯೋಕಿಂತ ಮೊದಲ ಬಡಿಸಿಬಿಡು."

"ನಿಮ್ಮ ಭಾವ ಊರಿಗೆಲ್ಲ ಉಣಿಸ್ತಾರ," ಎಂದು ಅಕ್ಕ ಅನ್ನುತ್ತಿದ್ದಳು. "ಮನ್ಯಾಗ ಮಾತ್ರ ನೀರು ಸೈತ ಕೈಗಿ ಕೊಡಬೇಕು. ಮಹಾರಾಜ್ರು!"

ಅಕ್ಕ ಒಂದು ಪದಾರ್ಥವನ್ನು ಇಡಿಯಾಗಿ ತಿಂದದ್ದನ್ನು ನಾನು ನೋಡಿಲ್ಲ. ನಮ್ಮವ್ವನೂ ಹಾಗೇ ಇದ್ದಳು. ಏನು ಮಾಡಿದರೂ ಮನೆಯಲ್ಲಿ ಇಲ್ಲದವರ ಪಾಲನ್ನು ಮೊದಲು ಬಟ್ಟಲಿಗೆ ತೆಗೆದು, ತಾಟು ಮುಚ್ಚಿಟ್ಟು, ಆಮೇಲೆ ಉಳಿದವರು ಉಣ್ಣಬೇಕು. ಅಕ್ಕ ಅದನ್ನು ಗಂಡನ ಮನೆಗೂ ಒಯ್ದಳು. ಭಾವ ನೂರಾರು ಮಂದಿಗೆ ಉಣಿಸಿ, ಮದುವೆಯ ಊಟವನ್ನೇ ಉಂಡು ಬಂದರೂ ಮನೆಯಲ್ಲಿ ಅವರ ಪಾಲಿನ ಬಟ್ಟಲು ಮುಚ್ಚಿಕೊಂಡು ಕಾದಿರುತ್ತಿತ್ತು. ಒಂದು ಪೇರಲಹಣ್ಣು ಸಿಕ್ಕರೆ ಅರ್ಧ ಕೊಯ್ದು ಇಡುವಳು. ಅದು ಕಪ್ಪಾಗಿ ಹೋದರೂ ಸರಿ. ಭಾವ ಬಂದು, ಕಪ್ಪಾದ ಆ ಅರ್ಧವನ್ನು ಮಾತಿಲ್ಲದೆ ತಿನ್ನುವರು.

ಕಳೆದ ಚಳಿಗಾಲದಲ್ಲಿ ಅಕ್ಕನಿಗೆ ಕೆಮ್ಮು ಹತ್ತಿತು. ಸಂಜೆಯಾದರೆ ಮೈ ಬೆಚ್ಚಗೆ, ಬೆಳಗಿನ ಜಾವ ಬೆವರು. ರವಿಕೆಗಳೆಲ್ಲ ಸಡಿಲವಾದವು. ಭಾಲ್ಕಿಯ ದವಾಖಾನೆಗೆ ನಾನೇ ಜೊತೆಗೆ ಹೋಗಿದ್ದೆ. ಕಫ ಪರೀಕ್ಷೆಯಾಗಿ ಕ್ಷಯವೆಂದು ಗೊತ್ತಾಯಿತು. ಅಲ್ಲಿನ ಡಾಕ್ಟರು ಗಾಬರಿಪಡಿಸಲಿಲ್ಲ. ಒಂದೊಂದು ಗುಳಿಗೆಯೊಳಗೂ ಮೂರು–ನಾಲ್ಕು ಔಷಧ ಕೂಡಿಸಿದ್ದಾರೆ, ಮೈ ತೂಕ ನೋಡಿ ಎಷ್ಟು ಗುಳಿಗೆಯೆಂದು ಹೇಳುತ್ತೇವೆ, ನಿಮಗೆ ದಿನಕ್ಕೆ ಮೂರು, ಮೂರನ್ನೂ ಒಟ್ಟಿಗೆ ಬರಿಹೊಟ್ಟೆಯಲ್ಲಿ ನುಂಗಬೇಕು, ಆರಾಮಾಯಿತೆಂದು ನಡುವೆ ಬಿಡಬಾರದು ಎಂದರು. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ಕೂಡಲೇ ಬರಲು ಹೇಳಿದರು. "ಇನ್ನೊಂದು ಮಾತು. ಮೂತ್ರ, ಬೆವರು, ಕಣ್ಣೀರು ಎಲ್ಲ ಕೇಸರಿ ಬಣ್ಣ ಆಗ್ತಾವ. ಅಂಜಬ್ಯಾಡ್ರಿ, ಅದು ಔಷಧದ ಬಣ್ಣ."

ಅಕ್ಕನಿಗೆ ಇದೊಂದು ಮೋಜಾಯಿತು. ಮುಂದಿನ ಸಲ ಹೋದಾಗ ಉಳ್ಳಾಗಡ್ಡಿ ಹೆಚ್ಚುತ್ತಾ ಕುಳಿತಿದ್ದಳು. ಕಣ್ಣೊರೆಸಿಕೊಂಡ ಬಿಳಿ ಅರಿವೆಯನ್ನು ನನ್ನ ಮುಂದೆ ಹಿಡಿದಳು. ಅದರ ಮೇಲೆ ಎರಡು ತಿಳಿಗೇಸರಿ ಚುಕ್ಕೆ.

"ನೋಡು, ಕಣ್ಣೀರಿಗಿ ಸೈತ ಬಣ್ಣ ಬಂದಾದ. ಈ ಸಲ ಹೋಳಿಗಿ ಬಣ್ಣ ತರೋದು ಬ್ಯಾಡ. ಒಂದಿಷ್ಟು ಅತ್ತರ ಆಯ್ತು."

ಅವಳು ತನ್ನ ತಾಟು, ಲೋಟ ಬೇರೆ ಇಟ್ಟುಕೊಂಡಿದ್ದಳು. ಇದು ಎಂಜಲಿನಿಂದ ಬರುವುದಲ್ಲ, ಕೆಮ್ಮಿನ ಗಾಳಿಯಿಂದ ಬರುವುದು, ಬಾಯಿಗೆ ಅರಿವೆ ಹಿಡಿದುಕೊ, ಕಿಟಕಿ ತೆರೆದಿಡು ಎಂದು ಡಾಕ್ಟರು ಹೇಳಿದ್ದರೂ ಕೇಳಲಿಲ್ಲ. ಭಾವ ಬೇಕೆಂದೇ ಅವಳ ತಾಟಿನಲ್ಲೇ ಉಣ್ಣುತ್ತಿದ್ದರು. ಇಬ್ಬರಿಗೂ ಅದೇ ಜಗಳ.

ಹೋಳಿಯ ಹೊತ್ತಿಗೆ ಅಕ್ಕನ ಮೈ ತುಂಬಿಕೊಂಡಿತು. ಕೆಮ್ಮು ಇಳಿಯಿತು. ಆಮೇಲೆ ಲಗ್ನದ ಸುಗ್ಗಿ ಬಂತು, ಭಾವ ಊರೂರು ತಿರುಗತೊಡಗಿದರು. ಫೋನ್ ಮಾಡಿದಾಗಲೆಲ್ಲ ಅಕ್ಕನ ಮಾತಿನ ನಡುವೆ ಮತ್ತೆ ಕೆಮ್ಮು ಕೇಳತೊಡಗಿತು. "ಬಿಸಲಿನ ಧೂಳು, ಫಿಕರ್ ಮಾಡಬ್ಯಾಡ," ಅನ್ನುವಳು. "ಗುಳಿಗಿ ತಗೊಳಾಕತ್ತೀದಿ ಇಲ್ಲೋ?" ಎಂದರೆ, "ದಿನಾ ಡಬ್ಬಿಯಿಂದ ಮೂರು ತೆಗೀತೇನಿ ನೋಡವ್ವಾ" ಎನ್ನುವಳು. ಅದು ಸುಳ್ಳಲ್ಲ. ಮೂರು ತೆಗೆಯುತ್ತಿದ್ದಳು. ಊರಿನ ಆಶಾ ಕಾರ್ಯಕರ್ತೆ ಬಂದು ನೋಡಿದರೆ ಗುಳಿಗೆ ತೆಗೆದ ಖಾಲಿ ಹಾಳೆಗಳೂ ಲೆಕ್ಕಕ್ಕೆ ಸರಿಯಾಗಿಯೇ ಇರುತ್ತಿದ್ದವು.

ವೈಶಾಖ ಹುಣ್ಣಿಮೆಗೆ ನಾನು ಹಲಬರ್ಗಾಕ್ಕೆ ಹೋದೆ. ಅಂದು ಬುದ್ಧ ಜಯಂತಿ, ನಾವೆಲ್ಲ ಬಿಳಿ ಉಟ್ಟು ಬುದ್ಧವಿಹಾರದಲ್ಲಿ ವಂದನೆಗೆ ಕೂಡುತ್ತೇವೆ. ಹೆಂಗಸರಿಗೆ ಬಿಳಿ ಸೀರೆ, ಗಂಡಸರಿಗೆ ಬಿಳಿ ಅಂಗಿ. ಅಕ್ಕ ಸೀರೆಯುಟ್ಟು ಬಂದಾಗ ನೋಡಲಾಗಲಿಲ್ಲ. ಕುತ್ತಿಗೆಯ ಎಲುಬುಗಳು ಎದ್ದು ಕಾಣುತ್ತಿದ್ದವು. ವಂದನೆಯ ನಡುವೆ ಎರಡು ಸಲ ಕೆಮ್ಮುತ್ತಾ ಹೊರಗೆ ಹೋದಳು. ಅವಳ ಹಿಂದೆ ಗಂಡಸರ ಸಾಲಿನಲ್ಲಿ ಇನ್ನೊಂದು ಕೆಮ್ಮೂ ಕೇಳಿತು. ಅದು ಭಾವನದು. ಅಡುಗೆಯ ಹೊಗೆಯೆಂದುಕೊಂಡೆ.

ಮಧ್ಯಾಹ್ನ ಭಾವ ಅಂಗಿ ಬದಲಿಸಿ, ಠಾಣಾ ಕುಶನೂರದ ಒಂದು ಮದುವೆ ಮನೆಯವರೊಡನೆ ಮಾತಾಡಿ ಬರಲು ಬಸ್ಸು ಹತ್ತಿದರು. ನಾನು ಹಿತ್ತಲಿನ ಕಲ್ಲಿನ ಮೇಲೆ ಬಟ್ಟೆ ಒಗೆಯಲು ಕುಳಿತೆ. ಭಾವನ ಬಿಳಿ ಅಂಗಿಯ ಕಂಕುಳಲ್ಲಿ ಹಳದಿಗೆಂಪು ಕಲೆ ಇತ್ತು. ಅಡುಗೆಯವರ ಬಟ್ಟೆ, ಅರಿಸಿಣ ಇರಲೇಬೇಕು ಎಂದು ಸಬಕಾರ ಉಜ್ಜಿದೆ. ಅರಿಸಿಣಕ್ಕೆ ಸಬಕಾರ ತಾಗಿದರೆ ಕುಂಕುಮದಂತೆ ಕೆಂಪಾಗುತ್ತದೆ. ಬಟ್ಟೆ ಒಗೆಯುವ ಹೆಂಗಸರಿಗೆಲ್ಲ ಇದು ಗೊತ್ತು. ಈ ಕಲೆ ಕೆಂಪಾಗಲಿಲ್ಲ. ಇದ್ದ ಬಣ್ಣದಲ್ಲೇ ಇತ್ತು. ಬನಿಯನ್ ತೆಗೆದುಕೊಂಡೆ. ಅಲ್ಲೂ ಅದೇ. ಅರಿಸಿಣವಾದರೆ ಎದೆಯ ಮೇಲೆ, ತೋಳಿನ ತುದಿಯಲ್ಲಿ ಬೀಳಬೇಕು. ಕಂಕುಳಲ್ಲಿ, ಒಳಗಿನಿಂದ ಯಾಕೆ ಬಂತು?

ಆ ಬಣ್ಣವನ್ನು ನಾನು ಚಳಿಗಾಲದಲ್ಲಿ ಅಕ್ಕನ ರವಿಕೆಯ ಮೇಲೆ ನೋಡಿದ್ದೆ. ಬುಟ್ಟಿಯಲ್ಲಿ ಅಕ್ಕನ ಬಿಳಿ ರವಿಕೆಯನ್ನು ಹುಡುಕಿದೆ. ಬೆವರಿನಿಂದ ಒದ್ದೆಯಾಗಿತ್ತೆಂದು ಅಕ್ಕ ಅದೊಂದನ್ನೇ ಬದಲಿಸಿದ್ದಳು. ಕಲೆ ಇರಲಿಲ್ಲ.

ಅಕ್ಕ ಬಾಗಿಲ ನೆರಳಲ್ಲಿ ಕುಳಿತಿದ್ದಳು. ನಾನು ಅಂಗಿಯನ್ನು ಹಿಡಿದುಕೊಂಡು ಹೋದೆ.

"ಅಕ್ಕಾ, ಭಾವಾರು ಏನ್ ಗುಳಿಗಿ ತಗೊಳಾಕತ್ತಾರ?"

"ಕೆಮ್ಮಿಂದು."

"ಯಾರ್ ಕೊಟ್ರು?"

ಬಿಸಿಲಿಗೆ ಕೋಳಿಯೊಂದು ಬಾಯಿ ತೆರೆದು ನಿಂತಿತ್ತು, ಅದನ್ನು 'ಹುಶ್' ಎಂದು ಓಡಿಸಿದಳು.

"ನಿನ್ನ ಗುಳಿಗಿ ಅವರಿಗಿ ಕೊಡಾಕತ್ತೀದಿ?"

"ಜೋರಾಗಿ ಒದರಬ್ಯಾಡ. ಓಣಿಗಿ ಕೇಳ್ತದ."

"ಎಷ್ಟು ಕೊಡ್ತಿ?"

"ಎರಡು," ಎಂದಳು. "ನನಗೇನು, ಆರಾಮ್ ಆಗಿತ್ತಲ್ಲ. ಒಂದು ಸಾಕು. ಅವರು ಗಂಡಸರು, ಮೈ ದೊಡ್ಡದು."

ಕೈಯಲ್ಲಿದ್ದ ಅಂಗಿಯಿಂದ ನೀರು ನನ್ನ ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು.

"ಅವರಿಗಿ ಕೆಮ್ಮು ಬಂದಿದ್ರ ದವಾಖಾನಿಗಿ ಕರಕೊಂಡು ಹೋಗಬೇಕಿತ್ತು. ಅಲ್ಲಿ ಅವರ ಗುಳಿಗಿ ಅವರಿಗಿ ಕೊಡ್ತಿದ್ರು. ಯಾಕ ಹೋಗಲಿಲ್ಲ?"

"ಹೋದ್ರ ಗೊತ್ತಾಗ್ತದ. ಗೊತ್ತಾದ್ರ ಬಿಮಾರಿ ಇದ್ದವರ ಕೈಯಾಗಿನ ಅನ್ನ ಯಾರು ಉಣ್ತಾರ? ದೇಗಿನ ಮುಂದ ನಿಲ್ಲಲಿಲ್ಲಂದ್ರ ಅವರು ಬದುಕೋದಿಲ್ಲ. ನಿನಗ ಗೊತ್ತಿಲ್ಲ." ಆಮೇಲೆ ಹೇಳಿದಳು: "ಮೂತ್ರ ಕೆಂಪಾಗ್ಯಾದ ಅಂತ ಅವರು ಅಂಜಿದ್ರು. ಗರಂ ಆಗ್ಯಾದ, ಮಜ್ಜಿಗಿ ಕುಡೀರಿ ಅಂದೆ. ಪಾಪ, ಕುಡದ್ರು."

ಹೇಳುತ್ತಲೇ ಅತ್ತಳು. ಬಿಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಆ ಸೆರಗನ್ನೇ ನೋಡುತ್ತಿದ್ದೆ. ಚಳಿಗಾಲದಲ್ಲಿ ಹೋಳಿ ಆಡುವಷ್ಟು ಬಣ್ಣವಿದ್ದ ಕಣ್ಣೀರು. ಸೆರಗು ಒದ್ದೆಯಾಯಿತು, ಬೆಳ್ಳಗೇ ಉಳಿಯಿತು.

ಸಂಜೆಯ ಬಸ್ಸಿಗೆ ಭಾವ ಬಂದರು. ಕೈಕಾಲು ತೊಳೆದು ಕುಳಿತಮೇಲೆ ನಾನೇ ಹೇಳಿದೆ. ಅವರು ಅಕ್ಕನ ಕಡೆ ತಿರುಗಿದರು.

"ಕೆಮ್ಮಿನ ಗುಳಿಗಿ ಅಂದಿದ್ದಿ."

"ಕೆಮ್ಮಿಂದೇ ಅಲ್ಲೇನ್ರಿ? ಸುಳ್ಳೇನ್ ಹೇಳೀನಿ?"

ಭಾವ ಅವಳನ್ನು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಅವಳ ಮಣಿಕಟ್ಟನ್ನು ಹಿಡಿದು, ಬೆರಳಿನಿಂದ ಸುತ್ತಳತೆ ನೋಡಿ, ಬಿಟ್ಟರು. ಆಮೇಲೆ ಫೋನ್ ತೆಗೆದು ಮಧ್ಯಾಹ್ನವಷ್ಟೇ ಮಾತಾಡಿ ಬಂದಿದ್ದ ಠಾಣಾ ಕುಶನೂರದವರಿಗೆ ಹಚ್ಚಿದರು. "ನಮಸ್ಕಾರ್ರಿ. ಬ್ಯಾರೆ ಅಡಗಿಯವರನ್ನ ನೋಡ್ಕೊರಿ. ಇಲ್ರಿ, ಬ್ಯಾರೆ ಲಗ್ನ ಹಿಡದಿಲ್ರಿ. ನನಗ ಕ್ಷಯ ಇದ್ದಂಗ ಅದ." ಆ ಕಡೆಯವರು ಏನೋ ಅಂದರು. "ಹೌದ್ರಿ, ನಾನೇ ಹೇಳಾಕತ್ತೀನಿ," ಎಂದು ಇಟ್ಟರು.

ಅಕ್ಕ ಅಷ್ಟು ದಿನ ತನ್ನ ಮೈ ಸವೆಸಿ ಮುಚ್ಚಿಟ್ಟದ್ದನ್ನು ಅವರು ಬಾಗಿಲು ತೆರೆದಿಟ್ಟೇ ಹೇಳಿದರು. ಅಕ್ಕ ಗೋಡೆಗೆ ಮುಖ ಮಾಡಿ ಮಲಗಿದಳು.

ಮರುದಿನ ಭಾಲ್ಕಿಗೆ, ಅಲ್ಲಿಂದ ಬೀದರಿಗೆ. ಇಬ್ಬರ ಕಫವೂ ಪರೀಕ್ಷೆಗೆ ಹೋಯಿತು. ನನ್ನನ್ನೂ, ನಮ್ಮ ಮನೆಯವರನ್ನೂ ನೋಡಿದರು; ನಮಗೇನೂ ಇರಲಿಲ್ಲ. ಭಾವನಿಗೆ ಕ್ಷಯವೇ. ಆದರೆ ಅವರೊಳಗಿನ ರೋಗಾಣು ಮಾಮೂಲು ಗುಳಿಗೆಗೆ ಇನ್ನೂ ಬಗ್ಗುತ್ತಿತ್ತು. ಅಕ್ಕನದು ಬಗ್ಗುತ್ತಿರಲಿಲ್ಲ.

ಡಾಕ್ಟರಮ್ಮ ನಮ್ಮನ್ನು ಕೂರಿಸಿ ತಿಳಿಸಿದರು. "ಔಷಧ ಯಾಕ ಕೂಡಿಸಿ ಕೊಡ್ತೇವಿ ಅಂದ್ರ, ಒಂದರಿಂದ ತಪ್ಪಿಸಿಕೊಂಡಿದ್ದು ಇನ್ನೊಂದರ ಕೈಗಿ ಸಿಗಬೇಕು. ಪೂರಾ ಅಳತಿ ಹೋದ್ರ ಸಿಗ್ತದ. ಕಡಿಮಿ ಹೋದ್ರ ಸೋತಿದ್ದು ಸಾಯ್ತದ, ಗಟ್ಟಿ ಇದ್ದದ್ದು ಉಳೀತದ, ಉಳದದ್ದೇ ಬೆಳೀತದ. ಈಗ ಇವರಿಗಿ ಬ್ಯಾರೆ ಔಷಧ ಕೂಡಿಸಿ ಕೊಡಬೇಕು. ಅದರಿಂದ ಆರಾಮ್ ಆದವರು ಭಾಳ ಮಂದಿ ಇದ್ದಾರ. ಆದ್ರ ಎದಿ ಭಾಳ ಸವದಾದ."

"ನನಗ ಎಷ್ಟು ಗುಳಿಗಿ ಬೇಕ್ರಿ?" ಎಂದು ಭಾವ ಕೇಳಿದರು.

"ನಿಮ್ಮ ತೂಕಕ್ಕ ನಾಲ್ಕು."

"ಆಕಿಗಿ ಮೂರು, ನನಗ ನಾಲ್ಕು." ಭಾವ ತಮ್ಮ ಅಂಗೈಯನ್ನೇ ನೋಡಿಕೊಂಡರು. "ಏಳು ಮಂದಿಯ ಊಟದಾಗ ಮೂರು ಮಂದಿಯ ಅಕ್ಕಿ ಹಾಕಿ ಕುದಿಸೀವಿ. ನನ್ನ ಕಸುಬು ಇದೇ ಅದ. ಒಂದು ಹಿಡಿ ಹೆಚ್ಚುಕಡಿಮಿ ಆದ್ರ ಹಬಿ ನೋಡಿ ಹೇಳ್ತೇನಿ ಅಂತ ಊರೆಲ್ಲ ಹೆಸರು. ಮನ್ಯಾಗಿನ ಅಳತಿ ಗೊತ್ತಾಗಲಿಲ್ಲ."

ಅಕ್ಕನನ್ನು ವಾರ್ಡಿಗೆ ಸೇರಿಸಿದರು. ಭಾವ ನಮ್ಮ ಮನೆಯಲ್ಲಿ ಉಳಿದರು. ಬೆಳಿಗ್ಗೆ ಕಿಟಕಿಯ ಡಬ್ಬಿಯಿಂದ ನಾಲ್ಕು ಗುಳಿಗೆ ತೆಗೆದು ಅವರ ಅಂಗೈಗೆ ಹಾಕುವುದು, ನುಂಗಿದ ಮೇಲೆ ಬೆಳಕಿಗೆ ನಿಲ್ಲಿಸಿ ಕಣ್ಣು ಹಳದಿಯೇ ಎಂದು ನೋಡುವುದು ನನ್ನ ಕೆಲಸಗಳಲ್ಲಿ ಸೇರಿತು. "ನಿನಗ ದಿನಾ ಕಣ್ಣು ತೋರಿಸಿ ತೋರಿಸಿ ನಾ ಕನ್ಯಾ ತೋರಿಸೋ ಮನಿಯ ಹುಡುಗಿ ಆಗೀನಿ ನೋಡವ್ವಾ," ಅನ್ನುವರು. ಒಮ್ಮೆ ಹೊಟ್ಟೆ ತೊಳಸಿ ವಾಂತಿಯಾಯಿತು. ಗುಳಿಗೆ ಬಿಡುತ್ತೇನೆಂದರು. ನಾವೇ ಬಿಡುವುದೂ ಬೇಡ, ನುಂಗುತ್ತಲೇ ಇರುವುದೂ ಬೇಡ ಎಂದು ಕೂಡಲೇ ದವಾಖಾನೆಗೆ ಕರೆದೊಯ್ದೆ. ರಕ್ತ ನೋಡಿ, ಲಿವರಿಗೆ ಏನೂ ಆಗಿಲ್ಲವೆಂದು ಧೈರ್ಯ ಹೇಳಿ ಕಳಿಸಿದರು.

ಅಕ್ಕನಿಗೆ ಹೊಸ ಔಷಧ ಮೊದಮೊದಲು ಹಿಡಿಯಿತು. ಜ್ವರ ಬಿಟ್ಟಿತು. ಪುಂಡಿಪಲ್ಯ ಬೇಕೆಂದಳು, ತಿಂದಳು. ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಭಾವ ದಿನವೂ ಹೋಗಿ ಕಿಟಕಿಯ ಪಕ್ಕ ಕೂರುವರು. ಅವಳಿಗೆ ನಂಬಿಕೆಯಿಲ್ಲ.

"ಇವತ್ತಿಂದು ತಗೊಂಡೀರಿ?"

"ತಗೊಂಡೀನಿ."

"ನಾಲ್ಕೂ?"

"ನಾಲ್ಕೂ. ನಿನ್ನ ತಂಗಿನ್ನ ಕೇಳು. ಪೊಲೀಸ್ ಇದ್ದಂಗ ಇದ್ದಾಳ."

"ನಿಮ್ಮ ಪಾಲು ನೀವೇ ನುಂಗ್ರಿ. ನನಗ ಉಳಸಬ್ಯಾಡ್ರಿ," ಎಂದು ನಗುವಳು. ನಕ್ಕರೆ ಕೆಮ್ಮು ಬರುವುದು. ಕೆಮ್ಮು ನಿಂತಮೇಲೆ ಮತ್ತೆ ಅದನ್ನೇ ಹೇಳುವಳು: "ಪೂರಾ ಮುಗಿಸ್ತೇನಿ ಅಂತ ಮಾತು ಕೊಡ್ರಿ." ಭಾವ ಕೊಟ್ಟರು.

ಮಳೆ ಹಿಡಿದ ದಿನಗಳಲ್ಲಿ ಅವಳ ಉಸಿರು ಕಿರಿದಾಯಿತು. ಕೆಮ್ಮಿನಲ್ಲಿ ರಕ್ತ ಕಂಡಿತು. ಆಕ್ಸಿಜನ್ ಹಚ್ಚಿದರು. ಒಂದು ಮಧ್ಯಾಹ್ನ ನಾನು ಅವಳ ತಲೆ ಬಾಚುತ್ತಿದ್ದೆ, ಜಡೆ ಅರ್ಧದಲ್ಲಿತ್ತು. ನನ್ನ ಕೈಗೆ ಅವಳ ತಲೆ ಭಾರವಾಯಿತು. ಉಳಿದರ್ಧ ಜಡೆಯನ್ನು ಆಮೇಲೆ ಹೆಣೆದು ಮುಗಿಸಿದೆ.

ಹಲಬರ್ಗಾದಲ್ಲಿ ಮಣ್ಣು ಮಾಡುವ ಹೊತ್ತಿಗೆ ಮಳೆ ಬಿಟ್ಟಿತ್ತು. ಭಾವ ಹೆಗಲ ಮೇಲಿನ ಬಿಳಿ ಟವಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಬೀದರಿಗೆ ಬಂದು ಅದನ್ನು ಒಗೆಯಲು ತೆಗೆದಾಗ ಅದರ ಮೇಲೆ ಕೇಸರಿ ಚುಕ್ಕೆಗಳಿದ್ದವು. ಔಷಧ ಅವರ ಮೈಯೊಳಗೆ ಸರಿಯಾಗಿ ಓಡಾಡುತ್ತಿತ್ತು. ಸಬಕಾರ ಹಾಕಿ ಉಜ್ಜಿದೆ. ಕಲೆ ತಿಳಿಯಾಯಿತು, ಪೂರ್ತಿ ಹೋಗಲಿಲ್ಲ. ಈಗಲೂ ಅದರಲ್ಲೇ ಕೈ ಒರೆಸಿಕೊಳ್ಳುತ್ತಾರೆ.

ಅಂದಿನಿಂದ ಇಂದಿನವರೆಗೆ ಭಾವ ಸೌಟು ಮುಟ್ಟಿರಲಿಲ್ಲ. ನನ್ನ ಈಜಾಡುವ ಬೇಳೆಯನ್ನು ತಮಾಷೆ ಮಾಡದೆ ಉಣ್ಣುತ್ತಿದ್ದರು. ಇಂದು ದವಾಖಾನೆಯಿಂದ ಬಂದು, ನಾನು ಡಬ್ಬಿ ತೊಳೆಯುವುದನ್ನು ನೋಡುತ್ತಾ ನಿಂತಿದ್ದರು. ಬಿಸಿಲಿಗೆ ಬೋರಲು ಹಾಕಿ ಒಳಗೆ ಬರುವಷ್ಟರಲ್ಲಿ ಬದನೆಕಾಯಿಯ ತೊಟ್ಟು ಕಿತ್ತು ಸೀಳುತ್ತಾ ಕುಳಿತಿದ್ದರು. "ಶೇಂಗಾ ಎಲ್ಲಿ ಇಟ್ಟೀದಿ?" ಎಂದರು. ತೋರಿಸಿದೆ. ಬೇಳೆ ಕುದಿಯುವಾಗ ಹಬೆಗೆ ಮುಖ ಒಡ್ಡಿ, ಚಿಟಿಕೆ ಉಪ್ಪು ಹಾಕಿದರು.

ನಮ್ಮ ಮನೆಯವರು ಕೆಲಸದಿಂದ ಬಂದರು. ತಾಟು ಹಾಕಿದೆ. ಭಾವ ಎಲ್ಲರಿಗಿಂತ ಮೊದಲು ಒಂದು ಬಟ್ಟಲಿಗೆ ಬೇಳೆ, ಅದರೊಳಗೇ ಎರಡು ಬದನೆಕಾಯಿ ತೆಗೆದು, ಮೇಲೊಂದು ತಾಟು ಮುಚ್ಚಿ ಮೂಲೆಗಿಟ್ಟರು. ಇಟ್ಟ ಮೇಲೆ ತಿಳಿಯಿತು ಅವರಿಗೆ. ಕೈ ತಾಟಿನ ಮೇಲೆಯೇ ನಿಂತಿತು.

ಬಟ್ಟಲನ್ನು ತಂದು ತಮ್ಮ ಮುಂದೆ ಇಟ್ಟುಕೊಂಡರು. "ಪೂರಾ ಮುಗಿಸ್ತೇನಿ ಅಂದೀನಿ," ಎಂದು ಯಾರಿಗೋ ಹೇಳಿದರು. ರೊಟ್ಟಿ ಮುರಿದು ಅದರಲ್ಲಿದ್ದುದನ್ನು ಮೊದಲು ಉಂಡರು. ಬಟ್ಟಲು ಒರೆಸಿ ಉಂಡರು. ಆಮೇಲೆ ತಮ್ಮ ತಾಟಿಗೆ ಬಂದರು.

ಊಟಕ್ಕೆ ಜೋಳದ ರೊಟ್ಟಿ, ತುಂಬಿದ ಬದನೆಕಾಯಿ, ಗಟ್ಟಿ ತೊಗರಿಬೇಳೆ, ಅನ್ನ, ಮಜ್ಜಿಗೆ. ಬೇಳೆ ಅಕ್ಕನಿಗೆ ಸೇರುವಷ್ಟೇ ಹುಳಿಯಾಗಿತ್ತು. ಎಲ್ಲರಿಗಿಂತ ಮೊದಲು ಮಲಗಿದವರು ಭಾವ.